ಇನ್ಫೋಸಿಸ್ ಮತ್ತು ವಿಪ್ರೊ: ನಗದಿನ ಬೆಳವಣಿಗೆಯನ್ನು ನಾನು ಹೋಲಿಸಿದ ಬಗೆ

ವಿಪ್ರೊದ 2023–24ರ ಲೆಕ್ಕಪತ್ರ ಹೊರಬಂದಾಗ ನನ್ನ ಹೂಡಿಕೆದಾರ ಗೆಳೆಯರಿಗೆಲ್ಲ ಒಂದೇ ಅಂಕಿ ಕಣ್ಣಿಗೆ ಬಿದ್ದಿತ್ತು. ಕಾರ್ಯಾಚರಣೆಯ ನಗದು, ಅಂದರೆ ದಿನನಿತ್ಯದ ವ್ಯವಹಾರದಿಂದ ನಿಜಕ್ಕೂ ಕೈಗೆ ಬಂದ ಹಣ, ಸುಮಾರು 13,000 ಕೋಟಿಯಿಂದ 17,600 ಕೋಟಿ ರೂಪಾಯಿಗೆ ಏರಿತ್ತು. ಡಾಲರ್ ಲೆಕ್ಕದಲ್ಲಿ ಇನ್ಫೋಸಿಸ್‌ನ ಮುಕ್ತ ನಗದು (ಆ ಹಣದಲ್ಲಿ ಬಂಡವಾಳ ವೆಚ್ಚ ಕಳೆದು ಉಳಿಯುವುದು) ಹೆಚ್ಚಿದ್ದು ಶೇ 14ರ ಆಸುಪಾಸು ಮಾತ್ರ. ವಿಪ್ರೊದ ಈ ಏರಿಕೆ ಮರುವರ್ಷ ಉಳಿಯುವುದಿಲ್ಲ ಎಂದು ನಾನು ಹೇಳಿದಾಗ, ಐಟಿ ಕಂಪನಿಗಳಲ್ಲಿ ಲಾಭವೂ ನಗದೂ ಒಂದೇ, ಇಷ್ಟೊಂದು ಕೆದಕುವುದೇಕೆ ಎಂದು ನಕ್ಕವರೇ ಹೆಚ್ಚು.

ನನ್ನ ಅನುಮಾನಕ್ಕೆ ಕಾರಣ ಸರಳವಾಗಿತ್ತು. ಅದೇ ವರ್ಷ ವಿಪ್ರೊದ ಆದಾಯ 90,500 ಕೋಟಿಯಿಂದ 89,800 ಕೋಟಿಗೆ ಇಳಿದಿತ್ತು, ಲಾಭವೂ ತುಸು ತಗ್ಗಿತ್ತು. ವ್ಯಾಪಾರ ಬೆಳೆಯದೆ ನಗದು ಬೆಳೆದಿದೆಯೆಂದರೆ ಲೆಕ್ಕಪತ್ರದಲ್ಲಿ ಗ್ರಾಹಕರಿಂದ ಬರಬೇಕಾದ ಬಾಕಿಯ ಸಾಲನ್ನು ನೋಡಲೇಬೇಕು. ಅಲ್ಲಿ ಬಾಕಿ ಕರಗಿತ್ತು. ಒಮ್ಮೆ ವಸೂಲಾದ ಹಣ ಮರುವರ್ಷ ಮತ್ತೆ ವಸೂಲಾಗುವುದಿಲ್ಲ. 2024–25ರಲ್ಲಿ ಲಾಭ ಶೇ 19ರಷ್ಟು ಹೆಚ್ಚಿತು, ಕಾರ್ಯಾಚರಣೆಯ ನಗದು ಮಾತ್ರ 17,000 ಕೋಟಿಗಿಂತ ಸ್ವಲ್ಪ ಕೆಳಗಿಳಿಯಿತು. ನಕ್ಕವರು ಆಮೇಲೆ ನನ್ನ ಎಕ್ಸೆಲ್ ಹಾಳೆಯನ್ನೇ ಕೇಳಿದರು.

ಈ ಹಾಳೆ ಒಂದೇ ಸಲಕ್ಕೆ ಸಿದ್ಧವಾದದ್ದಲ್ಲ. ವರ್ಷದಿಂದ ವರ್ಷಕ್ಕೆ ಹೋಲಿಸುವ ಕ್ರಮವನ್ನು ನಂಬಿ, ಹೆಸರು ಬೇಡವಾದ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಸುಮಾರು ಎಂಬತ್ತು ಸಾವಿರ ರೂಪಾಯಿ ಹೋಯಿತು. ಐದು ವರ್ಷಗಳ ಚಕ್ರವೃದ್ಧಿ ದರವೂ ಆಗಿಬರಲಿಲ್ಲ, ಏಕೆಂದರೆ ಮೊದಲ ಮತ್ತು ಕೊನೆಯ ವರ್ಷ ಹೇಗಿದ್ದವು ಎಂಬುದರ ಮೇಲೆಯೇ ಉತ್ತರ ನಿಂತಿರುತ್ತದೆ. ವರ್ಷಕ್ಕೆ ಐದಾರು ಸಾವಿರ ತೆತ್ತು ತೆಗೆದುಕೊಂಡ ಮಾಹಿತಿ ಸೇವೆಯಲ್ಲಿ ಗುತ್ತಿಗೆ ಬಾಡಿಗೆಯ ತಿದ್ದುಪಡಿಯೇ ಇರಲಿಲ್ಲ. 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮ ಬಾಡಿಗೆಯ ಬಹುಪಾಲನ್ನು ಕಾರ್ಯಾಚರಣೆಯಿಂದ ಹಣಕಾಸು ಚಟುವಟಿಕೆಗೆ ದಾಟಿಸಿದ್ದರಿಂದ, ಆ ಗಡಿಯ ಆಚೀಚಿನ ಅಂಕಿಗಳನ್ನು ಹಾಗೆಯೇ ಜೋಡಿಸಿದರೆ ಕಂಪನಿ ಏನೂ ಮಾಡದೆಯೇ ಬೆಳೆದಂತೆ ಕಾಣುತ್ತದೆ.

ಈಗ ನಾನು ಮೂರು ವರ್ಷಗಳ ಮೊತ್ತವನ್ನು ಹಿಂದಿನ ಮೂರು ವರ್ಷಗಳ ಮೊತ್ತದ ಎದುರಿಗೆ ಇಡುತ್ತೇನೆ. 2019–20ರಿಂದ 2021–22ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಇನ್ಫೋಸಿಸ್‌ನ ಮುಕ್ತ ನಗದು ಸುಮಾರು 8.1 ಶತಕೋಟಿ ಡಾಲರ್, ನಂತರದ ಮೂರರಲ್ಲಿ 9.5. ಆದರೆ ಎರಡನೆಯ ಮೊತ್ತದಲ್ಲಿ ತೆರಿಗೆ ಮರುಪಾವತಿಯೂ ಸೇರಿದೆ; 2024ರ ಮಾರ್ಚ್‌ನಲ್ಲಿ ಕಂಪನಿಯೇ 6,329 ಕೋಟಿ ರೂಪಾಯಿಯ ನಿರೀಕ್ಷೆಯನ್ನು ಷೇರುಪೇಟೆಗೆ ತಿಳಿಸಿತ್ತು. ಅದನ್ನು ಕಳೆದರೆ ಶೇ 17ರ ಬೆಳವಣಿಗೆ ಶೇ 8ರ ಹತ್ತಿರಕ್ಕೆ ಬರುತ್ತದೆ. ವಿಪ್ರೊದ ಲೆಕ್ಕದಲ್ಲಿ 2021ರಲ್ಲಿ ಕ್ಯಾಪ್ಕೊ ಎಂಬ ಸಲಹಾ ಕಂಪನಿಯ ಖರೀದಿಗೆ ಹೋದ 145 ಕೋಟಿ ಡಾಲರನ್ನು ನಾನು ಬಂಡವಾಳ ವೆಚ್ಚವೆಂದೇ ಹಿಡಿಯುತ್ತೇನೆ. ಗ್ರಾಹಕರ ಬಾಕಿ ಎಷ್ಟು ದಿನದವರೆಗೆ ಸಹಜ ಎಂಬ ನನ್ನ ಮಿತಿಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಇದೇ ಕ್ರಮವನ್ನು ಬಣ್ಣದ ಕಂಪನಿಗಳಿಗೂ ಹಚ್ಚಿ ನೋಡಿದೆ. ಏಷ್ಯನ್ ಪೇಂಟ್ಸ್‌ನ ಕಾರ್ಯಾಚರಣೆಯ ನಗದು 2021–22ರಲ್ಲಿ ಸಾವಿರ ಕೋಟಿಗೆ ಕುಸಿದು, ಮರುವರ್ಷ ನಾಲ್ಕು ಸಾವಿರ ದಾಟಿತ್ತು. ಅಲ್ಲಿ ದಾಸ್ತಾನಿನ ಸಾಲೇ ಮುಖ್ಯ. ಬ್ಯಾಂಕುಗಳಿಗೆ ಈ ಹಾಳೆ ಕೆಲಸಕ್ಕೆ ಬರುವುದಿಲ್ಲ.

ಕೊನೆಗೆ ಎಲ್ಲವನ್ನೂ ಪ್ರತಿ ಷೇರಿಗೆ ಭಾಗಿಸುತ್ತೇನೆ. ವಿಪ್ರೊ 2024ರ ಡಿಸೆಂಬರ್‌ನಲ್ಲಿ ಒಂದು ಷೇರಿಗೆ ಇನ್ನೊಂದನ್ನು ಉಚಿತವಾಗಿ ಬೋನಸ್ ಕೊಟ್ಟಿದ್ದರಿಂದ ಹಿಂದಿನ ವರ್ಷಗಳ ಅಂಕಿಗಳನ್ನು ಅರ್ಧಕ್ಕೆ ಇಳಿಸಿಕೊಳ್ಳಬೇಕು. ಇನ್ಫೋಸಿಸ್ 2025ರಲ್ಲಿ ಷೇರಿಗೆ 1,800 ರೂಪಾಯಿಯಂತೆ 18,000 ಕೋಟಿಯ ಮರುಖರೀದಿ ನಡೆಸಿ ಹತ್ತು ಕೋಟಿ ಷೇರುಗಳನ್ನು ಕಡಿಮೆ ಮಾಡಿತು. 2025–26ರ ಸಾಲಿನಲ್ಲಿ ನಾನು ಮೊದಲು ತಿದ್ದಿದ್ದು ಆ ಷೇರುಗಳ ಸಂಖ್ಯೆಯನ್ನೇ.