ಕಿಟಕಿಯ ಹಳೆಯ ಸನ್ ಫಿಲ್ಮ್ ಬಿಡಿಸುವುದು ಹೇಗೆ?

ಪಶ್ಚಿಮದ ಬಿಸಿಲಿಗೆ ಮುಖಮಾಡಿದ ಕಿಟಕಿಗಳಲ್ಲಿ ಹಳೆಯ ಸನ್ ಫಿಲ್ಮ್ ನೇರಳೆ ಬಣ್ಣಕ್ಕೆ ತಿರುಗಿ, ಗುಳ್ಳೆ ಎದ್ದು, ಅಂಚಿನಲ್ಲಿ ಸುರುಟಿಕೊಂಡಿರುವುದನ್ನು ಹಾಸನ, ಚಿಕ್ಕಮಗಳೂರಿನ ಎಷ್ಟೋ ಮನೆಗಳಲ್ಲಿ ಕಾಣಬಹುದು. ಅದನ್ನು ತೆಗೆಯಲು ಹೊರಟವರು ಸಾಮಾನ್ಯವಾಗಿ ಸುರುಟಿದ ಮೂಲೆಯನ್ನು ಹಿಡಿದು ಒಮ್ಮೆಲೇ ಎಳೆಯುತ್ತಾರೆ. ಫಿಲ್ಮ್ ಚೂರುಚೂರಾಗಿ ಹರಿದು, ಅಂಟೆಲ್ಲ ಗಾಜಿನ ಮೇಲೆಯೇ ಉಳಿದು, ಅರ್ಧ ದಿನದ ಕೆಲಸ ವಾರಕ್ಕೆ ಹಿಗ್ಗುತ್ತದೆ. ಫಿಲ್ಮ್ ಎಂಬುದು ತೆಳುವಾದ ಪಾಲಿಯೆಸ್ಟರ್ ಹಾಳೆ. ವರ್ಷಗಟ್ಟಲೆ ಬಿಸಿಲುಂಡ ಹಾಳೆ ಪೆಡಸಾಗಿರುತ್ತದೆ, ಅದರ ಹಿಂಬದಿಯ ಆಕ್ರಿಲಿಕ್ ಅಂಟು ಗಟ್ಟಿಯಾಗಿರುತ್ತದೆ. ಹಾಳೆಯನ್ನು ಕೀಳುವುದು ದೊಡ್ಡ ವಿಷಯವಲ್ಲ, ಅಂಟೂ ಅದರೊಂದಿಗೇ ಎದ್ದು ಬರುವಂತೆ ಮಾಡುವುದೇ ಇಲ್ಲಿನ ಕೆಲಸ.

ಇದಕ್ಕೆ ಬಿಸಿಲಿರುವ ದಿನವನ್ನು ಆರಿಸಿಕೊಳ್ಳಬೇಕು. ಮಲೆನಾಡಿನ ಕಡೆಯವರು ಮಳೆಗಾಲದಲ್ಲಿ ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ಏಕೆಂದರೆ ತಣ್ಣಗಿನ ಗಾಜಿನ ಮೇಲೆ ಅಂಟು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಹೇರ್ ಡ್ರೈಯರ್, ಸ್ಪ್ರೇ ಬಾಟಲಿ, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ದಿನಪತ್ರಿಕೆ, ಹತ್ತಿ ಬಟ್ಟೆ, ಹಿಡಿಯಿರುವ ಬ್ಲೇಡ್ ಸ್ಕ್ರೇಪರ್ ಮತ್ತು ಹೊಸ ಬ್ಲೇಡುಗಳಿದ್ದರೆ ಸಾಕು. ಸ್ಲೈಡಿಂಗ್ ಕಿಟಕಿಯಾದರೆ ಬಾಗಿಲನ್ನು ಮೇಲಕ್ಕೆತ್ತಿ ಟ್ರ್ಯಾಕಿನಿಂದ ಬಿಡಿಸಿ, ಮೇಜಿನ ಮೇಲೆ ಮಲಗಿಸಿಕೊಳ್ಳುವುದು ಲೇಸು. ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಮಾಡುವ ಕೆಲಸ ನೆಟ್ಟಗಾಗುವುದಿಲ್ಲ.

ಈಗ ಬಿಸಿ ಕೊಡುವ ಹಂತ. ಮೇಲಿನ ಒಂದು ಮೂಲೆಯಿಂದ ಆರಂಭಿಸಿ, ಡ್ರೈಯರನ್ನು ಗಾಜಿನಿಂದ ಅರ್ಧ ಅಡಿ ದೂರದಲ್ಲಿ ಹಿಡಿದು, ಒಂದೇ ಜಾಗದಲ್ಲಿ ನಿಲ್ಲಿಸದೆ, ಅಂಗೈ ಅಗಲದ ಜಾಗದಲ್ಲಿ ಅತ್ತಿತ್ತ ಆಡಿಸುತ್ತಿರಬೇಕು. ಮುಟ್ಟಿದರೆ ಕೈಗೆ ಚುರುಕು ತಾಗುವಷ್ಟು ಬಿಸಿಯಾದಾಗ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಎದ್ದ ಅಂಚನ್ನು ಎರಡೂ ಕೈಗಳಲ್ಲಿ ಹಿಡಿದು, ನಿಮ್ಮ ಕಡೆಗೆ ನೇರವಾಗಿ ಎಳೆಯದೆ, ಫಿಲ್ಮನ್ನು ಅದರ ಮೇಲೆಯೇ ಮಡಚಿದಂತೆ ಗಾಜಿಗೆ ಒರಗಿಸಿಕೊಂಡು ಕೆಳಮುಖವಾಗಿ ಎಳೆಯಬೇಕು. ಸಹಾಯಕ್ಕೆ ಒಬ್ಬರಿದ್ದರೆ ಅವರು ಡ್ರೈಯರ್ ಹಿಡಿದು, ಬಿಡುತ್ತಿರುವ ಗೆರೆಯ ಮೇಲೆಯೇ ಬಿಸಿಗಾಳಿ ಬೀಳುವಂತೆ ನೋಡಿಕೊಳ್ಳಲಿ. ಎಳೆತ ಸರಿಯಾಗಿದ್ದರೆ ಆ ಗೆರೆಯಲ್ಲಿ ಅಂಟು ಸಣ್ಣ ಬಿಳಿ ಎಳೆಗಳಾಗಿ ಜಗ್ಗಿ, ಫಿಲ್ಮಿನ ಕಡೆಗೇ ಸೇರಿಕೊಳ್ಳುವುದು ಕಾಣುತ್ತದೆ. ಎಳೆಗಳು ಗಾಜಿನ ಮೇಲೆ ಉಳಿಯತೊಡಗಿದರೆ ನೀವು ಅವಸರ ಮಾಡುತ್ತಿದ್ದೀರಿ ಅಥವಾ ಬಿಸಿ ಸಾಲದಾಗಿದೆ ಎಂದರ್ಥ. ಆಗ ಎಳೆಯುವುದನ್ನು ನಿಲ್ಲಿಸಿ ಮತ್ತೆ ಬಿಸಿ ಮಾಡಬೇಕು. ಅಗಲವಾದ ಕಿಟಕಿಗೆ ಫಿಲ್ಮನ್ನು ನಾಲ್ಕು ಬೆರಳಗಲದ ಪಟ್ಟಿಗಳಾಗಿ ಹಗುರವಾಗಿ ಸೀಳಿಕೊಂಡರೆ ಎಳೆತ ಹದದಲ್ಲಿರುತ್ತದೆ. ಹಾರ್ಡ್‌ವೇರ್ ಅಂಗಡಿಯವರು ಬಾಡಿಗೆಗೆ ಕೊಡುವ, ಡ್ರೈಯರಿಗಿಂತ ತೀರ ಹೆಚ್ಚು ಬಿಸಿಗಾಳಿ ಊದುವ ಹೀಟ್ ಗನ್ ಮಾತ್ರ ಬೇಡವೇ ಬೇಡ, ಏಕೆಂದರೆ ಒಂದೇ ಕಡೆ ಬಿಸಿ ಹೆಚ್ಚಾದರೆ, ಅದರಲ್ಲೂ ಚಳಿಗಾಲದ ಬೆಳಗಿನ ತಣ್ಣನೆಯ ಗಾಜಾದರೆ, ಸೀಳು ಬಿಡುತ್ತದೆ.

ಬೆಳ್ಳಿ ಬಣ್ಣದ ಫಿಲ್ಮುಗಳಲ್ಲಿ ಇನ್ನೊಂದು ತೊಡಕಿದೆ. ಇವು ಒಂದಕ್ಕಿಂತ ಹೆಚ್ಚು ಪದರ ಸೇರಿಸಿ ಮಾಡಿದವು. ಹಳೆಯದಾದಾಗ ಮೇಲಿನ ಪದರ ಸುಲಭವಾಗಿ ಎದ್ದು ಬಂದು, ಅಂಟಿರುವ ಪಾರದರ್ಶಕ ಪದರ ಗಾಜಿನಲ್ಲೇ ಉಳಿಯುತ್ತದೆ. ಅದನ್ನು ಬರೀ ಅಂಟೆಂದು ತಿಳಿದು ಗಂಟೆಗಟ್ಟಲೆ ಉಜ್ಜುವವರಿದ್ದಾರೆ. ಅಂಚನ್ನು ಉಗುರಿನಿಂದ ಕೆರೆದಾಗ ಚಕ್ಕೆಯಂತೆ ಎದ್ದರೆ ಅದು ಪದರ, ಉಂಡೆಯಾಗಿ ಸುತ್ತಿಕೊಂಡರೆ ಅಂಟು.

ಉಳಿದ ಅಂಟನ್ನು ನೆನೆಸಿಯೇ ತೆಗೆಯಬೇಕು. ಲಿಕ್ವಿಡ್ ಬೆರೆಸಿದ ಬೆಚ್ಚನೆಯ ನೀರನ್ನು ಧಾರಾಳವಾಗಿ ಸಿಂಪಡಿಸಿ, ಮೇಲೆ ದಿನಪತ್ರಿಕೆಯ ಹಾಳೆ ಹಚ್ಚಿ, ಒಣಗದಂತೆ ಆಗಾಗ ನೀರು ಚಿಮುಕಿಸುತ್ತ ಒಂದು ಗಂಟೆ ಬಿಡಿ. ಅನಂತರ ಬ್ಲೇಡನ್ನು ಗಾಜಿಗೆ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಹಿಡಿದು ಮುಂದಕ್ಕೆ ಮಾತ್ರ ತಳ್ಳಬೇಕು, ಹಿಂದಕ್ಕೆ ಎಳೆಯಬಾರದು. ಗಾಜಿಗೆ ಗೀರು ಬೀಳುವುದು ಹೆಚ್ಚಾಗಿ ಬ್ಲೇಡಿನಿಂದಲ್ಲ, ಅದರಡಿ ಸಿಕ್ಕಿಕೊಂಡ ಮರಳಿನ ಕಣದಿಂದ. ಹಾಗಾಗಿ ಮೊದಲೇ ಗಾಜನ್ನು ತೊಳೆದು, ಪ್ರತಿ ಸಲ ತಳ್ಳಿದ ಮೇಲೂ ಬ್ಲೇಡ್ ಒರೆಸಿ, ಗಾಜು ಸದಾ ಒದ್ದೆಯಾಗಿರುವಂತೆ ನೋಡಿಕೊಳ್ಳಬೇಕು. ಟಫನ್ಡ್ (ಬಿಸಿ ಮಾಡಿ ಗಟ್ಟಿಗೊಳಿಸಿದ) ಗಾಜಿನ ಮೇಲೆ, ಮಂಜುಗಾಜಿನ ತರಿಯಾದ ಮುಖದ ಮೇಲೆ, ಗಾಜಿನ ಬದಲು ಹಾಕಿದ ಆಕ್ರಿಲಿಕ್ (ಪ್ಲಾಸ್ಟಿಕ್) ಹಾಳೆಯ ಮೇಲೆ ಬ್ಲೇಡ್ ಆಡಿಸದೆ ನೆನೆಸುವುದನ್ನೇ ಎರಡು ಮೂರು ಸಲ ಮಾಡಿ, ಬಟ್ಟೆಯಿಂದ ಉಜ್ಜಿ ತೆಗೆಯಿರಿ.

ಸೀಮೆಎಣ್ಣೆ, ಪೇಂಟ್ ಥಿನ್ನರ್ ಅಂಟನ್ನು ಕರಗಿಸುತ್ತವೆ ನಿಜ, ಆದರೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆವಿ ತುಂಬಿ ಬೆಂಕಿಯ ಅಪಾಯ ತರುತ್ತವೆ. ಥಿನ್ನರ್ ಚೌಕಟ್ಟಿನ ಬಣ್ಣವನ್ನೂ ರಬ್ಬರ್ ಪಟ್ಟಿಯನ್ನೂ ಕೆಡಿಸುತ್ತದೆ. ಸ್ಟೀಲ್ ಉಜ್ಜುನಾರಿನ ಗೀರುಗಳು ಬಿಸಿಲು ಬಿದ್ದಾಗಲೆಲ್ಲ ಕಣ್ಣಿಗೆ ಹೊಡೆಯುತ್ತವೆ. ಮೊಂಡು ಕಲೆಗೆ ಐಸೋಪ್ರೊಪೈಲ್ ಆಲ್ಕೋಹಾಲನ್ನು ಬಟ್ಟೆಗೆ ಹಚ್ಚಿಕೊಂಡು ಒರೆಸುವುದು ಮೇಲು. ಅದೂ ಹೊತ್ತಿಕೊಳ್ಳುವ ವಸ್ತುವೇ, ಆದ್ದರಿಂದ ಕಿಟಕಿ ತೆರೆದಿಟ್ಟು, ಡ್ರೈಯರನ್ನು ಪ್ಲಗ್‌ನಿಂದ ತೆಗೆದ ಮೇಲೆಯೇ ಬಳಸಬೇಕು.

ಹಳೆಯ ಮರದ ಕಿಟಕಿಗಳಲ್ಲಿ ಗಾಜನ್ನು ಹಿಡಿದಿರುವ ಪುಟ್ಟಿಗೆ ನೀರು ಇಳಿಯದಂತೆ ಕೆಳಗಿನ ಅಂಚಿಗೆ ಬಟ್ಟೆಯ ಸುರುಳಿ ಇಡಿ. ಕೊನೆಗೆ ಗಾಜು ತೊಳೆದು ಒಣಗಿದ ಮೇಲೆ ಬಾಯಿಯಿಂದ ಉಸಿರು ಬಿಟ್ಟು ನೋಡಿದರೆ, ಅಂಟು ಉಳಿದ ಕಡೆ ಮಬ್ಬು ಬೇರೆ ರೀತಿಯಲ್ಲಿ ಕೂರುತ್ತದೆ. ಅಲ್ಲಿಗೆ ಮತ್ತೆ ಆಲ್ಕೋಹಾಲ್ ಹಚ್ಚಿ. ಹೊಸ ಫಿಲ್ಮ್ ಅಂಟಿಸುವವರು ನಾಲ್ಕು ಮೂಲೆಗಳನ್ನು ಇನ್ನೊಮ್ಮೆ ಪರೀಕ್ಷಿಸಬೇಕು. ಹಳೆಯ ಅಂಟು ಅಲ್ಲಿ ಚೂರು ಉಳಿದರೂ ಹೊಸದು ಅಲ್ಲಿಂದಲೇ ಏಳಲು ಶುರುವಾಗುತ್ತದೆ.