ಆರ್ಗಾನ್ ವೆಲ್ಡಿಂಗಿಗೆ ನಾನು ಸಜ್ಜಾದ ಬಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಒಂದು ಸಣ್ಣ ಶೆಡ್ಡಿನಲ್ಲಿ ಗೇಟು, ಗ್ರಿಲ್ಲು, ಮೆಟ್ಟಿಲಿನ ಕಂಬಿಗಳನ್ನು ಹನ್ನೆರಡು ವರ್ಷ ರಾಡ್ ವೆಲ್ಡಿಂಗಿನಲ್ಲೇ ಮಾಡಿಕೊಡುತ್ತಿದ್ದ ನನಗೆ ಟಿಗ್ ವೆಲ್ಡಿಂಗ್ ಬೇಕೆನಿಸಿದ್ದು ಎರಡು ಬಗೆಯ ಕೆಲಸಗಳು ಕೈತಪ್ಪಿ ಹೋಗುತ್ತಿದ್ದಾಗ. ಒಂದು, ಒಂದು ಮಿಲಿಮೀಟರ್ ದಪ್ಪದ ಕಬ್ಬಿಣ ಮತ್ತು ಸ್ಟೀಲ್ ಪೈಪಿನ ನಾಜೂಕು ಕೆಲಸ. ಇನ್ನೊಂದು, ಅಲ್ಯೂಮಿನಿಯಂ ಪೆಟ್ಟಿಗೆ, ಚೌಕಟ್ಟು ಮತ್ತು ನೀರಿನ ಟ್ಯಾಂಕುಗಳು. ನಮ್ಮಲ್ಲಿ ಟಿಗ್ ಎಂದರೆ ಗಿರಾಕಿಗಳಿಗೆ ತಿಳಿಯುವುದಿಲ್ಲ, ಆರ್ಗಾನ್ ವೆಲ್ಡಿಂಗ್ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇದರಲ್ಲಿ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಹೊರಡುವ ವಿದ್ಯುತ್ತಿನ ಕಿಡಿ (ಆರ್ಕ್) ಲೋಹವನ್ನು ಕರಗಿಸುತ್ತದೆ, ಸುತ್ತ ಹರಿಯುವ ಆರ್ಗಾನ್ ಗ್ಯಾಸ್ ಹೊರಗಿನ ಗಾಳಿ ತಾಗದಂತೆ ಕಾಯುತ್ತದೆ.

ಮೊದಲು ಕೊಂಡದ್ದು 200 ಆಂಪಿಯರಿನ ಡಿಸಿ ಯಂತ್ರ, ಅಂದರೆ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದು. ಅಂಗಡಿಯವರು “ಇದರಾಗ ಅಲ್ಯೂಮಿನಿಯಂ ಸಹಿತ ಆಗ್ತೈತ್ರೀ” ಎಂದಿದ್ದರು, ನಾನು ನಂಬಿದೆ. ಕಬ್ಬಿಣಕ್ಕೂ ಸ್ಟೀಲಿಗೂ ಅದು ಚೆನ್ನಾಗಿಯೇ ನಡೆಯಿತು. ಅಲ್ಯೂಮಿನಿಯಂ ಮೇಲೆ ಮಾತ್ರ ಬೂದುಬಣ್ಣದ ಸುಕ್ಕುಸುಕ್ಕಾದ ಉಂಡೆಗಳಲ್ಲದೆ ಬೇರೇನೂ ಬರಲಿಲ್ಲ. ಕಾರಣ ತಿಳಿದಾಗ, ಯಂತ್ರ ಕೊಳ್ಳುವ ಮುನ್ನವೇ ಇದನ್ನು ವಿಚಾರಿಸಬೇಕಿತ್ತು ಎನಿಸಿತು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಆದರೆ ಅದರ ಮೈಮೇಲಿನ ಆಕ್ಸೈಡ್ ಪದರ ಕರಗಲು 2,000 ಡಿಗ್ರಿಗಿಂತ ಹೆಚ್ಚಿನ ಶಾಖ ಬೇಕು. ಕಾಯಿಸಿದ ಹಾಲನ್ನು ಕೆನೆ ಮುಚ್ಚಿಕೊಂಡಂತೆ ಆ ಪದರವು ಕರಗಿದ ಲೋಹವನ್ನು ಮುಚ್ಚಿಕೊಂಡು, ಎರಡು ತುಂಡುಗಳು ಒಂದಾಗದಂತೆ ತಡೆಯುತ್ತದೆ. ದಿಕ್ಕು ಬದಲಿಸುತ್ತಲೇ ಇರುವ ಎಸಿ ವಿದ್ಯುತ್ತಿನಲ್ಲಿ ಟಂಗ್‌ಸ್ಟನ್ ಪ್ಲಸ್ ಆಗುವ ಅರ್ಧದಲ್ಲಿ ಈ ಪದರ ಒಡೆದು ಚದುರುತ್ತದೆ, ಮೈನಸ್ ಆಗುವ ಅರ್ಧದಲ್ಲಿ ಶಾಖ ಲೋಹದೊಳಗೆ ಇಳಿಯುತ್ತದೆ. ಡಿಸಿಯಲ್ಲಿ ಟಾರ್ಚನ್ನು (ಟಂಗ್‌ಸ್ಟನ್ ಕಡ್ಡಿಯನ್ನು ಹಿಡಿದಿರುವ ಹಿಡಿಕೆಯನ್ನು) ಪ್ಲಸ್‌ಗೆ ಕೊಟ್ಟು ನೋಡಿದರೆ ಪದರ ಒಡೆಯುವುದೇನೋ ನಿಜ, ಆದರೆ ಶಾಖದ ಹೆಚ್ಚಿನ ಪಾಲು ಟಂಗ್‌ಸ್ಟನ್ನಿಗೇ ಹೋಗಿ ಅದರ ತುದಿ ಕರಗಿ ಬೀಳುತ್ತದೆ. ಆದ್ದರಿಂದ ಎರಡೂ ಲೋಹಗಳ ಕೆಲಸ ಮಾಡಬೇಕೆನ್ನುವವರು ಎಸಿ/ಡಿಸಿ ಯಂತ್ರವನ್ನೇ ಕೊಳ್ಳಬೇಕು, ಅದಕ್ಕೆ ಹಣ ಸಾಲದಿದ್ದರೆ ಕಾಯಬೇಕು. ನಾನು ಡಿಸಿ ಯಂತ್ರವನ್ನು ಮಾರಿ, ಒಂದು ವರ್ಷದ ನಂತರ 200 ಆಂಪಿಯರಿನದೇ ಎಸಿ/ಡಿಸಿ ಯಂತ್ರ ತಂದೆ. ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಎಂಬ ಲೆಕ್ಕದಲ್ಲಿ ನನ್ನ ಬಳಿ ಬರುವ ಕೆಲಸಗಳಿಗೆಲ್ಲ ಅದು ಸಾಕು. ಅಲ್ಯೂಮಿನಿಯಂಗೆ ಮೈನಸ್ ಪಾಲನ್ನು ಶೇ. 70ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕೊಳ್ಳುವಾಗ ಕಾಲಿನ ಪೆಡಲ್ ಬೇಕೆಂದು ಹಟ ಹಿಡಿದದ್ದು ಒಳ್ಳೆಯದಾಯಿತು. ಅಲ್ಯೂಮಿನಿಯಂ ಶಾಖವನ್ನು ಬೇಗ ಹರಡಿಕೊಳ್ಳುವುದರಿಂದ ಆರಂಭದಲ್ಲಿ ಹೆಚ್ಚು ಆಂಪಿಯರ್ ಬೇಡುತ್ತದೆ. ಬೆಸುಗೆಯ ಹೊಲಿಗೆ ಮುಂದುವರಿದಂತೆ ಇಡೀ ತುಂಡು ಕಾದು, ಅಷ್ಟೇ ಆಂಪಿಯರಿನಲ್ಲಿ ಅಂಚು ತೂತು ಬೀಳುತ್ತದೆ. ಕಾಲಿನಿಂದ ಇಳಿಸುತ್ತ ಹೋಗುವ ಅನುಕೂಲವಿಲ್ಲದಿದ್ದರೆ ಕಲಿಯುವವನ ಕಷ್ಟ ದುಪ್ಪಟ್ಟಾಗುತ್ತದೆ.

ವಿದ್ಯುತ್ತಿನ ವಿಷಯದಲ್ಲೂ ಮುಂಚಿತವಾಗಿ ಲೆಕ್ಕ ಹಾಕಬೇಕು. 200 ಆಂಪಿಯರಿನಲ್ಲಿ ಆರ್ಕ್ ಸುಮಾರು 18 ವೋಲ್ಟ್ ಇರುತ್ತದೆ, ಅಂದರೆ 3.6 ಕಿಲೋವ್ಯಾಟ್, ಯಂತ್ರದಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಸಿಂಗಲ್ ಫೇಸಿನಿಂದ 25 ಆಂಪಿಯರಿಗೂ ಹೆಚ್ಚು ಎಳೆಯಬಹುದು. 16 ಆಂಪಿಯರಿನ ಪ್ಲಗ್ಗು ಇದನ್ನು ತಾಳುವುದಿಲ್ಲ. ಎಲೆಕ್ಟ್ರಿಷಿಯನ್‌ರನ್ನು ಕರೆಸಿ 32 ಆಂಪಿಯರಿನ ಪ್ರತ್ಯೇಕ ಲೈನು, ದಪ್ಪ ತಂತಿ ಮತ್ತು ಸರಿಯಾದ ಅರ್ತಿಂಗ್ ಹಾಕಿಸಿದ ಮೇಲೆಯೇ ಯಂತ್ರವನ್ನು ಪೂರ್ಣ ಬಳಸಿದೆ.

ಗ್ಯಾಸ್ ಎರಡೂ ಲೋಹಗಳಿಗೆ ಒಂದೇ, ಶುದ್ಧ ಆರ್ಗಾನ್. ತಂತಿ ತಾನಾಗಿ ಬರುತ್ತಿರುವ ಮಿಗ್ ವೆಲ್ಡಿಂಗ್ ಕೆಲಸಕ್ಕೆ ಕೊಡುವ ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸನ್ನು ಇಲ್ಲಿ ಬಳಸಿದರೆ ಟಂಗ್‌ಸ್ಟನ್ ಸುಟ್ಟುಹೋಗುತ್ತದೆ. 7 ಘನ ಮೀಟರಿನ ಸಿಲಿಂಡರನ್ನು ನಿಮಿಷಕ್ಕೆ 8 ಲೀಟರಿನಂತೆ ಬಿಟ್ಟರೆ ಹದಿನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚು ಬರಬೇಕು. ನನ್ನ ಮೊದಲ ಸಿಲಿಂಡರ್ ಎರಡೇ ದಿನಕ್ಕೆ ಖಾಲಿಯಾದಾಗ ತೂಕದಲ್ಲಿ ಮೋಸವಾಗಿದೆ ಎಂದುಕೊಂಡಿದ್ದೆ; ಸೋಪಿನ ನೀರು ಹಚ್ಚಿ ನೋಡಿದಾಗ ರೆಗ್ಯುಲೇಟರಿನ ಜೋಡಣೆಯಲ್ಲೇ ಗುಳ್ಳೆ ಏಳುತ್ತಿತ್ತು. ಇನ್ನೊಂದು ವಾರ ಹೊಲಿಗೆಯ ತುಂಬ ಸೂಜಿಮೊನೆಯಷ್ಟು ರಂಧ್ರಗಳು ಬಂದವು. ಟಾರ್ಚು, ಅದರ ತುದಿಯಲ್ಲಿ ಗ್ಯಾಸ್ ಹೊರಬರುವ ಕಪ್, ಪೈಪು ಎಲ್ಲವನ್ನೂ ಬಿಚ್ಚಿ ನೋಡಿದ ಮೇಲೆ ಗೊತ್ತಾದ ಕಾರಣ, ಬೇಸಿಗೆಯೆಂದು ಹಾಕಿಕೊಂಡಿದ್ದ ಫ್ಯಾನು: ಅದರ ಗಾಳಿ ಆರ್ಗಾನನ್ನು ಕೆಲಸದ ಮೇಲಿನಿಂದ ಹಾರಿಸಿಬಿಡುತ್ತಿತ್ತು. ಗ್ಯಾಸಿನ ಒತ್ತಡ ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ, ಏಕೆಂದರೆ ರಭಸ ಹೆಚ್ಚಾದರೆ ಅದೇ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಟಂಗ್‌ಸ್ಟನ್ನಿನಲ್ಲಿ ಹಲವು ಬಣ್ಣದ ಗುರುತುಗಳಿವೆ. ನಮ್ಮಲ್ಲಿ ಬಹಳ ಜನ ಕೆಂಪು ಗುರುತಿನದನ್ನು ಬಳಸುತ್ತಾರೆ. ಅದರಲ್ಲಿ ವಿಕಿರಣವುಳ್ಳ ಥೋರಿಯಂ ಇರುವುದರಿಂದ ಮಸೆಯುವಾಗ ಏಳುವ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ. ಎಸಿಗೂ ಡಿಸಿಗೂ ಸಲ್ಲುವ ನೀಲಿ ಗುರುತಿನ ಶೇ. 2 ಲ್ಯಾಂಥನಮ್ ಇರುವ ರಾಡನ್ನು 1.6 ಮತ್ತು 2.4 ಮಿಲಿಮೀಟರಿನಲ್ಲಿ ಇಟ್ಟುಕೊಂಡಿದ್ದೇನೆ. ತುದಿಯನ್ನು ಅಡ್ಡಕ್ಕಲ್ಲ, ಉದ್ದಕ್ಕೆ ಮಸೆಯಬೇಕು; ಆ ಗ್ರೈಂಡರಿನ ಕಲ್ಲಿಗೆ ಬೇರೆ ಯಾವ ಲೋಹವನ್ನೂ ತಾಗಿಸಬಾರದು.

ಹೊಲಿಗೆಗೆ ಕರಗಿಸಿ ತುಂಬುವ ಫಿಲ್ಲರ್ ರಾಡುಗಳಲ್ಲಿ ಕಬ್ಬಿಣಕ್ಕೆ ಇಆರ್ 70ಎಸ್-2, ಸ್ಟೀಲಿಗೆ ಇಆರ್ 308ಎಲ್, ಅಲ್ಯೂಮಿನಿಯಂಗೆ ಇಆರ್ 4043 ಇದ್ದರೆ ಆರಂಭಿಸಬಹುದು. ಆನೊಡೈಸ್ ಮಾಡುವ (ವಿದ್ಯುತ್ತಿನಿಂದ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಕೊಡುವ) ವಸ್ತುವಾದರೆ 4043ರ ಹೊಲಿಗೆ ಕಪ್ಪಾಗಿ ಕಾಣುತ್ತದೆ, ಅದಕ್ಕೆ 5356 ಬೇಕು. ಗ್ಯಾಸ್ ವೆಲ್ಡಿಂಗಿನ ಅಗ್ಗದ ತಾಮ್ರಲೇಪಿತ ಕಡ್ಡಿಯಿಂದಲೂ ನಾನು ಪ್ರಯತ್ನಿಸಿದ್ದೇನೆ, ಹೊಲಿಗೆ ಕುದಿದು ರಂಧ್ರ ಬಿಟ್ಟಿತು.

ಸಲಕರಣೆಗಳ ಪಟ್ಟಿಯಲ್ಲಿ ಬಹುತೇಕರು ಬರೆಯದ, ನನ್ನ ದೃಷ್ಟಿಯಲ್ಲಿ ಯಂತ್ರದಷ್ಟೇ ಮುಖ್ಯವಾದ ವಸ್ತುಗಳೆಂದರೆ ಅಲ್ಯೂಮಿನಿಯಂಗೆಂದೇ ಮೀಸಲಿಟ್ಟ ಒಂದು ಸ್ಟೇನ್‌ಲೆಸ್ ಬ್ರಶ್, ಅಸಿಟೋನ್ ಮತ್ತು ಒಗೆದ ಹತ್ತಿ ಬಟ್ಟೆ. ರಾಡ್ ವೆಲ್ಡಿಂಗಿನಲ್ಲಿ ತುಕ್ಕು, ಬಣ್ಣಗಳನ್ನು ಕಡ್ಡಿಯ ಮೇಲಿನ ಫ್ಲಕ್ಸ್ ಎಂಬ ಲೇಪ ಒಂದಿಷ್ಟು ಸಹಿಸಿಕೊಳ್ಳುತ್ತಿತ್ತು. ಟಿಗ್‌ನಲ್ಲಿ ಫ್ಲಕ್ಸ್ ಇಲ್ಲ. ಕಬ್ಬಿಣದ ಕರಿ ಪದರವನ್ನು ಹೊಳೆಯುವವರೆಗೆ ಮಸೆಯಬೇಕು. ಅಲ್ಯೂಮಿನಿಯಂ ಅನ್ನು ಮೊದಲು ಅಸಿಟೋನಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಬ್ರಶ್ ಮಾಡಬೇಕು. ಬ್ರಶ್ಶೇ ಮೊದಲಾದರೆ ಎಣ್ಣೆ ಲೋಹದೊಳಕ್ಕೆ ತಿಕ್ಕಿದಂತಾಗುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರನ್ನು ಮಾತ್ರ ಶೆಡ್ಡಿನೊಳಗೇ ತರಬಾರದು, ಆರ್ಕಿನ ಶಾಖಕ್ಕೆ ಅದರಿಂದ ಫಾಸ್ಜೀನ್ ಎಂಬ ಪ್ರಾಣಾಂತಿಕ ವಿಷಾನಿಲ ಹುಟ್ಟಬಹುದು.

ಹೆಲ್ಮೆಟ್ ತಾನಾಗಿ ಕಪ್ಪಾಗುವಂಥದ್ದಿರಲಿ, ಕಡಿಮೆ ಆಂಪಿಯರಿನ ಬೆಳಕನ್ನೂ ಗ್ರಹಿಸುವಂತಿರಲಿ. ಕೈಗವಸು ತೆಳುವಾದ ಮೇಕೆ ಚರ್ಮದ್ದು, ಅಂಗಿ ತುಂಬುತೋಳಿನ ಹತ್ತಿಯದ್ದು. ಹೊಗೆ ಕಡಿಮೆಯೆಂದು ಕುತ್ತಿಗೆ ತೆರೆದಿಟ್ಟುಕೊಂಡು ಅಲ್ಯೂಮಿನಿಯಂ ಹೊಲಿದ ಮಧ್ಯಾಹ್ನದ ನಂತರ ಆರ್ಕಿನ ಕಿರಣ ತಾಗಿ ಮೂರು ದಿನ ನನ್ನ ಚರ್ಮ ಉರಿಯುತ್ತಿತ್ತು.

ನೀರಿನಿಂದ ತಣಿಯುವ ಟಾರ್ಚನ್ನು ಇನ್ನೂ ಕೊಂಡಿಲ್ಲ. ಈಗಿರುವ, ಗಾಳಿಯಿಂದಲೇ ತಣಿಯುವ 26 ನಂಬರಿನ ಟಾರ್ಚು ಅಲ್ಯೂಮಿನಿಯಂನ ಉದ್ದ ಹೊಲಿಗೆಯಲ್ಲಿ ಕೈ ಸುಡುವಷ್ಟು ಕಾಯುತ್ತದೆ. ಆಗ ಅದನ್ನು ಕೊಕ್ಕೆಗೆ ತೂಗುಹಾಕಿ, ಮುಂದಿನ ತುಂಡನ್ನು ಒರೆಸಿ ಸಿದ್ಧಮಾಡಿಕೊಳ್ಳುತ್ತೇನೆ.