ಮೇಷ್ಟ್ರನ್ನು ಹೊರಗೆ ಕಳಿಸಿ ಬರೆಸಿದ ಉತ್ತರಗಳು

ರಾಯಚೂರು ಜಿಲ್ಲೆಯ ದೇವದುರ್ಗದ ಕಡೆ ಹೈಸ್ಕೂಲುಗಳಲ್ಲಿ ತಂಬಾಕಿನ ಬಗ್ಗೆ ಒಂದು ಸಣ್ಣ ಸರ್ವೆ ಮಾಡಿದೆವು. ಪದ್ಧತಿ ನಮ್ಮದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 1999ರಲ್ಲಿ ಶುರುಮಾಡಿದ, ಬೇರೆ ಬೇರೆ ದೇಶಗಳಲ್ಲಿ ನಡೆಯುವ ಗ್ಲೋಬಲ್ ಯೂತ್ ಟೊಬ್ಯಾಕೊ ಸರ್ವೆಯದು. 13ರಿಂದ 15 ವರ್ಷದ ಮಕ್ಕಳಿಗೆ ತರಗತಿಯಲ್ಲೇ ಪ್ರಶ್ನೆಪತ್ರಿಕೆ ಕೊಡುತ್ತಾರೆ. ಹೆಸರು ಬರೆಸುವುದಿಲ್ಲ.

ಮಕ್ಕಳು ಜಾಸ್ತಿ ಇರುವ ಶಾಲೆ ಆಯ್ಕೆಯಾಗುವ ಸಾಧ್ಯತೆಯೂ ಜಾಸ್ತಿ ಇರಬೇಕು. ಆಮೇಲೆ ಸೆಕ್ಷನ್‌ಗೆ ಚೀಟಿ. ಬಂದ ಸೆಕ್ಷನ್‌ನಲ್ಲಿ ಕೂತವರೆಲ್ಲ ಬರೆಯಬೇಕು. "ಎ ಸೆಕ್ಷನ್ ತಗೊಳ್ರಿ, ಜಾಣ ಹುಡುಗ್ರು ಅದಾರ" ಅನ್ನುವವರು ಇದ್ದೇ ಇರುತ್ತಾರೆ. ಚೀಟಿಯನ್ನು ಅವರ ಕೈಯಿಂದಲೇ ಎತ್ತಿಸಿದರೆ ಮಾತು ಮುಗೀತು.

ನಿಜವಾದ ಕೆಲಸ ಇರೋದು ಕೋಣೆಯೊಳಗೆ. ಬೆಂಚಿಗೆ ಇಬ್ಬರೇ, ಎರಡು ತುದಿಗೆ. ಆದರೂ ಹುಡುಗರು ಕಂಪಾಸ್ ಬಾಕ್ಸ್ ಅಡ್ಡ ಇಟ್ಟುಕೊಂಡೇ ಬರೆಯುತ್ತಾರೆ. ಕಿಟಕಿಯಲ್ಲಿ ಮೇಷ್ಟ್ರ ತಲೆ ಕಂಡರೆ ಸಾಕು, ಪೆನ್ನುಗಳು ನಿಂತುಬಿಡುತ್ತವೆ. ಹಾಗಾಗಿ ನಮ್ಮ ತಂಡದಲ್ಲಿ ಒಬ್ಬರ ಕೆಲಸವೇ ಮೇಷ್ಟ್ರನ್ನು ಆಫೀಸ್ ರೂಮಿನಲ್ಲಿ ಚಹಾ ಕುಡಿಸುತ್ತಾ ಕೂರಿಸುವುದು! ಬರೆದಾದ ಮೇಲೆ ಹಾಳೆಗಳನ್ನು ಕಲೆಸಿ, ಮಕ್ಕಳ ಕಣ್ಣೆದುರೇ ಲಕೋಟೆಗೆ ಹಾಕಿ ಅಂಟಿಸುತ್ತಿದ್ದೆವು.

"ಕಳೆದ 30 ದಿನಗಳಲ್ಲಿ" ಅನ್ನೋ ಪ್ರಶ್ನೆ ಮಕ್ಕಳಿಗೆ ಜಾರುತ್ತದೆ. ಹೋದ ಅಮಾವಾಸ್ಯೆಯಿಂದ ಈ ಅಮಾವಾಸ್ಯೆವರೆಗೆ ಅಂದರೆ ತಟ್ಟನೆ ಹಿಡಿಯುತ್ತಾರೆ. ನಮ್ಮ ಊರುಗಳಲ್ಲಿ ಅಮಾವಾಸ್ಯೆ ಯಾರಿಗೂ ಮರೆಯಲ್ಲ. ಆ ಅವಧಿಯಲ್ಲಿ ಒಂದೇ ದಿನ ಬಾಯಿಗೆ ಹಾಕಿದ್ದರೂ ಈಗ ಬಳಸುವವರ ಲೆಕ್ಕಕ್ಕೆ ಬರುತ್ತಾರೆ.

ಭಾರತದಲ್ಲಿ ಈ ಸರ್ವೆಯ 2019ರ ಸುತ್ತನ್ನು ಮುಂಬೈನ ಜನಸಂಖ್ಯಾ ಅಧ್ಯಯನ ಸಂಸ್ಥೆ ಐಐಪಿಎಸ್ ನಡೆಸಿತ್ತು. 987 ಶಾಲೆ, 97,302 ವಿದ್ಯಾರ್ಥಿಗಳು. ಈ ವಯಸ್ಸಿನವರಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ. 8.5, ಕರ್ನಾಟಕದಲ್ಲಿ ಬರೀ ಶೇ. 1.2. ಇದನ್ನು ಹೇಳಿದರೆ ನಮ್ಮ ಕಡೆ ಯಾರೂ ನಂಬಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತವರು ನಂಬೋದು ಕಷ್ಟ ಅಲ್ವಾ?

ಸಂಖ್ಯೆ ಸುಳ್ಳು ಅಂತ ನಾನು ಹೇಳಲ್ಲ. ಅದು ಆ ದಿನ ಬೆಂಚಿನ ಮೇಲೆ ಕೂತವರು ಕೊಟ್ಟ ಉತ್ತರ. ಗೈರಾದವರ ಪಾಲನ್ನು ಹಾಜರಿದ್ದವರ ಉತ್ತರಕ್ಕೇ ತೂಕ ಸೇರಿಸಿ ಸರಿದೂಗಿಸುತ್ತಾರೆ. ಬಾರದವನೂ ಬಂದವನ ಹಾಗೇ ಇರುತ್ತಾನೆ ಅಂತ ಇಟ್ಟುಕೊಂಡರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಹತ್ತಿ ಬಿಡಿಸಲು ದೊಡ್ಡವರ ಜೊತೆ ಕೂಲಿಗೆ ಹೋದ ಹುಡುಗ, ಅಪ್ಪ ಅಮ್ಮನ ಜೊತೆ ಬೆಂಗಳೂರಿಗೆ ಗುಳೆ ಹೋದ ಹುಡುಗಿ ಹಾಗೇ ಇರುತ್ತಾರಾ? ನನಗೆ ನಂಬಿಕೆಯಿಲ್ಲ. ಅದಕ್ಕೇ ಹತ್ತಿ ಸುಗ್ಗಿಗೆ ಮೊದಲೇ, ಆಗಸ್ಟ್‌ನಲ್ಲಿ ಹೋದೆವು. ಆದರೂ ಕಳೆ ಕೀಳುವ ಕೆಲಸಕ್ಕೆ ಕೆಲವರು ಹೋಗಿದ್ದರು. ಹಾಜರಿ ಪುಸ್ತಕದಿಂದ ಎಷ್ಟು ಮಂದಿ ಇಲ್ಲ, ಯಾಕಿಲ್ಲ ಅಂತ ಬರೆದುಕೊಂಡು ಫಲಿತಾಂಶದ ಪಕ್ಕದಲ್ಲೇ ಇಟ್ಟೆವು.

"ಯಾರ್ಯಾರು ತಿಂತಾರ, ಹೆಸರು ಹೇಳ್ರಿ" ಅಂತ ಮುಖ್ಯ ಶಿಕ್ಷಕರೊಬ್ಬರು ಪಟ್ಟು ಹಿಡಿದರು. ಹೆಸರೇ ಇಲ್ಲದ ಹಾಳೆಯಲ್ಲಿ ಏನು ಹೇಳೋದು? ಎಲ್ಲಿ ಕೊಳ್ಳುತ್ತೀರಿ, ವಯಸ್ಸು ನೋಡಿ ಅಂಗಡಿಯವರು ಇಲ್ಲ ಅಂದರಾ ಅನ್ನುವ ಪ್ರಶ್ನೆಗಳ ಉತ್ತರವನ್ನು ಮಾತ್ರ, ಎಲ್ಲ ಶಾಲೆಗಳದ್ದೂ ಸೇರಿಸಿ ಕೊಟ್ಟೆವು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ 2003ರ ತಂಬಾಕು ನಿಯಂತ್ರಣ ಕಾಯ್ದೆ ಕೋಟ್ಪಾದಲ್ಲಿದೆ. 100 ಗಜ ಅಂದರೆ ಹೆಚ್ಚುಕಮ್ಮಿ 91 ಮೀಟರ್. ಮುಖ್ಯ ಶಿಕ್ಷಕರು ಪಿಟಿ ಮೇಷ್ಟ್ರನ್ನು ಕರೆದು, ಲಾಂಗ್ ಜಂಪ್ ಅಳೆಯುವ ಟೇಪ್ ತರಲು ಹೇಳಿದರು.